ರಾಟಿಯಿಂದ ಇಳಿದ ಗಾಲಿ

ಬೆಳಗಿನ ಐದೂವರೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಇನ್ನೂ ಒಂದು ಮಗ್ಗವೂ ಸದ್ದು ಮಾಡಿಲ್ಲ. ಐವತ್ತೊಂದು ವರ್ಷದ ಯಮನವ್ವ ಸೀರೆಗೆ ಕಚ್ಚೆ ಹಾಕಿ, ಮನೆಯ ಕಟ್ಟೆಗೆ ಕೈಯೂರಿ, ಒಂದೇ ಗಾಲಿಯ ಸೈಕಲ್ ಏರುತ್ತಾರೆ. ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ. ಗಾಲಿಯ ಮೇಲೊಂದು ಸೀಟು, ಎರಡು ಪೆಡಲ್, ಅಷ್ಟೇ. ಎರಡೂ ಕೈ ಚಾಚಿ ಓಣಿಯ ತುದಿಯ ನಳದವರೆಗೆ ಹೋಗಿ ತಿರುಗಿ ಬರುತ್ತಾರೆ. ಕೊಡ ಹಿಡಿದು ನಿಂತ ಹೆಂಗಸರು ಸರಿದು ದಾರಿ ಬಿಡುತ್ತಾರೆ. ಎಂಟು ತಿಂಗಳ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕವರೂ ಇವರೇ.

ಯಮನವ್ವನ ತವರು ಕಳಸಾಪುರ. ತಂದೆ ತಿರಕಪ್ಪ ಊರೂರು ತಿರುಗಿ ಸೈಕಲ್ ಆಟ ಆಡಿಸುತ್ತಿದ್ದವರು. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಬಯಲುಗಳಲ್ಲಿ ಹನ್ನೆರಡರ ಈ ಹುಡುಗಿ ತಲೆಯ ಮೇಲೆ ತುಂಬಿದ ತಂಬಿಗೆ ಇಟ್ಟುಕೊಂಡು ಒಂಟಿಗಾಲಿ ಓಡಿಸಿದರೆ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಯಿತು. ಸೈಕಲ್ಲೂ ಜೊತೆಗೇ ಬಂತು. ಅತ್ತೆ ಗುರುಸಿದ್ದವ್ವ ಅದನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಆಡಿದರು: "ಇದು ಸರ್ಕಸ್ ಮನಿ ಅಲ್ಲವ್ವಾ, ನೇಕಾರರ ಮನಿ."

ವಾರದೊಳಗೆ ಸೀಟು, ಪೆಡಲ್ ಅಟ್ಟ ಸೇರಿದವು. ಗಟ್ಟಿಮುಟ್ಟಾದ ಗಾಲಿಯನ್ನು ನೇಕಾರರು ದಂಡ ಮಾಡುತ್ತಾರೆಯೇ? ಅದು ನೂಲು ಸುತ್ತುವ ರಾಟಿಯಾಯಿತು.

ಅಲ್ಲಿಂದ ಮೂವತ್ತೊಂದು ವರ್ಷ ಅತ್ತೆ ಆ ಗಾಲಿ ತಿರುಗಿಸಿ ನೂಲು ಸುತ್ತಿದ್ದಾರೆ. ಸೊಸೆ ಪಕ್ಕದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯ್ದಿದ್ದಾರೆ. ದಿನಕ್ಕೆ ಒಂಬತ್ತು ತಾಸು, ತಿಂಗಳಿಗೆ ಹತ್ತು ಸೀರೆ. "ಗಾಲಿ ಕಣ್ಣ ಮುಂದ ತಿರಗತಿತ್ರಿ, ನಾ ಕುಂತಲ್ಲೇ ಕುಂತಿದ್ದೆ. ಹೊಟ್ಟಿ ಉರೀತಿತ್ತು. ಯಾರ ಮುಂದ ಹೇಳೋದು?" ಎನ್ನುತ್ತಾರೆ ಯಮನವ್ವ.

ಕಳೆದ ವರ್ಷ ಗಂಡ ಪಾಂಡಪ್ಪ ನೂಲು ಸುತ್ತಲು ಮೋಟಾರ್ ತಂದರು. ರಾಟಿ ಮೂಲೆಗೆ ಬಿತ್ತು. ಎಪ್ಪತ್ತೆಂಟರ ಗುರುಸಿದ್ದವ್ವ ಮೂರನೆಯ ದಿನ ಸೊಸೆಯನ್ನು ಕರೆದರು. "ನಿನ್ನ ಗಾಲಿ ನೀ ತಗೋ. ನಾ ಸಾಯೂದ್ರಾಗ ಈ ಓಣಿಯಾಗ ಒಮ್ಮೆ ಹತ್ತಿ ತೋರ್ಸು. ನಾ ನೋಡೇ ಇಲ್ಲ."

ಪಾಂಡಪ್ಪ ಹೊಸ ಟೈರು ಹಾಕಿಸಿ ಸೈಕಲ್ ಜೋಡಿಸಿ ಕೊಟ್ಟರು. ಯಮನವ್ವ ಏರಿದರು, ಬಿದ್ದರು. ಹದಿನೇಳು ದಿನ ಬಿದ್ದರು. ಮೊಣಕಾಲು ತರಚಿತು. ಪ್ರತಿ ಸಲವೂ ಅರ್ಧ ಸುತ್ತಿಗೇ ಗಾಲಿ ಗಕ್ಕನೆ ನಿಲ್ಲುತ್ತಿತ್ತು. "ಅಪ್ಪ ಕಲಿಸಿದ್ದು ಹೋಗೇಬಿಡ್ತು ಅಂತ ಅತ್ತೀನ್ರಿ," ಎಂದು ಈಗ ನಗುತ್ತ ಹೇಳುತ್ತಾರೆ.

ಕಾರಣ ಹಿಡಿದದ್ದು ಕಟ್ಟೆಯ ಮೇಲೆ ಕುಳಿತ ಅತ್ತೆ. ಮಗ್ಗದಲ್ಲಿ ಕಾಲ ಕೆಳಗಿನ ಹಲಗೆ ಒತ್ತಿ, ನೂಲು ಹೊತ್ತ ಲಾಳಿ ಈ ತುದಿಯಿಂದ ಆ ತುದಿಗೆ ದಾಟುವ ತನಕ ಹಾಗೇ ಹಿಡಿಯಬೇಕು; ಆಮೇಲೆ ಇನ್ನೊಂದು ಕಾಲು. ಆ ರೂಢಿಯೇ ಪೆಡಲ್ ಮೇಲೂ ಕಾಲನ್ನು ತಡೆಯುತ್ತಿತ್ತು. ಒಂಟಿಗಾಲಿಯಲ್ಲಿ ಪೆಡಲ್ ನಿಂತರೆ ಗಾಲಿಯೂ ನಿಂತಂತೆ.

"ಲಾಳಿ ದಾಟ್ಲಿ ಅಂತ ಕಾಯಾಕತ್ತಿ ಏನವಾ? ಇಲ್ಲಿ ಲಾಳಿ ಇಲ್ಲ," ಎಂದ ಗುರುಸಿದ್ದವ್ವ, ಬಲಗೈಯಿಂದ ಗಾಳಿಯಲ್ಲೇ ರಾಟಿ ತಿರುಗಿಸಿ ತೋರಿಸಿದರು. ಆ ಕೈ ಎಲ್ಲಿಯೂ ತಡೆಯಲಿಲ್ಲ.

ಹದಿನೆಂಟನೆಯ ದಿನ ಯಮನವ್ವ ಅತ್ತೆಯ ಕೈ ತಿರುಗಿದಂತೆಯೇ ಪೆಡಲ್ ತುಳಿದರು. ಹತ್ತು ಮಾರು ದಾಟಿತು, ಇಪ್ಪತ್ತು ದಾಟಿತು, ನಳವೂ ಬಂತು. ತಿರುಗುವಾಗ ವಾಲಿದರು, ಸಾವರಿಸಿಕೊಂಡರು, ಕಟ್ಟೆಯವರೆಗೂ ಬಂದೇ ಇಳಿದರು. ನಕ್ಕಿದ್ದ ಹೆಂಗಸರು ಕೊಡ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಪಾಂಡಪ್ಪ ಕಣ್ಣೊರೆಸಿಕೊಂಡರು, ಕೇಳಿದರೆ ನೂಲಿನ ಧೂಳು ಎನ್ನುತ್ತಾರೆ.

ಈಗ ದಿನಾ ಆರು ಸುತ್ತು, ಆಮೇಲೆ ಮಗ್ಗ. ಇನ್ನೊಂದೇ ಆಸೆ ಉಳಿದಿದೆ ಯಮನವ್ವನಿಗೆ. "ತವರಿಗೆ ಎಲ್ಲಾರೂ ಬಸ್ಸಿನಾಗ ಹೋಗ್ತಾರ್ರಿ. ನಾ ಕಳಸಾಪುರಕ್ಕ ಇದರ ಮ್ಯಾಲೇ ಹೋಗಬೇಕು, ನಡುವ ಎಲ್ಲೂ ಇಳಿಬಾರದು."

ಕಟ್ಟೆಯ ಮೇಲಿಂದ ಗುರುಸಿದ್ದವ್ವ ತಮ್ಮ ಮಾತನ್ನೂ ಬರೆದುಕೊಳ್ಳಲು ಹೇಳುತ್ತಾರೆ. "ಸರ್ಕಸ್ ಮನಿ ಅಲ್ಲ ಅಂದಾಕಿ ನಾನರಿ. ಈಗ ಒಂಟಿಗಾಲಿ ಹೊಡಿಯಾಕಿ ಮನಿ ಯಾವ್ದು ಅಂತ ಓಣಿಯಾಗ ಯಾರನ್ನರ ಕೇಳ್ರಿ. ನಮ್ಮನೀನ ತೋರಸ್ತಾರ."