ಕೆಳಗಿನ ಹೊಲಕ್ಕೆ ಹೋದ ಯೂರಿಯಾ

ನನ್ನ ಮಾವನವರಿಗೆ ಯೂರಿಯಾ ಎರಚುವುದೆಂದರೆ ಎಲ್ಲಿಲ್ಲದ ಸಂಭ್ರಮ. ಘೋಡಗೇರಿಯ ನಮ್ಮ ಕಬ್ಬಿನ ಹೊಲಕ್ಕೆ ಕಾಲುವೆ ನೀರಿನ ಪಾಳಿ ಬಂದ ದಿನವೇ ಚೀಲ ಬಿಚ್ಚುತ್ತಿದ್ದರು. ಎರಚಿ ಮುಗಿದ ಕೂಡಲೇ ನೀರು ಬಿಡಬೇಕು, ಅದೂ ಹೊಲ ಕೆರೆಯಾಗುವಷ್ಟು. "ಗೊಬ್ಬರ ಹಾಕಿ ನೀರ ಕಡಿಮಿ ಬಿಟ್ರ, ಊಟಕ್ಕ ಕರದು ನೀರ ಕೊಡದಂಗ ಆಕ್ಕೈತಿ," ಎನ್ನುವುದು ಅವರ ಶಾಸ್ತ್ರ. ಊರಿನ ಮುಕ್ಕಾಲು ಪಾಲು ಜನರ ಶಾಸ್ತ್ರವೂ ಅದೇ. ಮುಂದಿನ ಪಾಳಿ ಯಾವಾಗಲೋ, ಬಂದ ನೀರನ್ನು ಬಿಟ್ಟವರುಂಟೇ?

ನಮ್ಮ ಒಡ್ಡಿನ ಕೆಳಗೆ ಅವರ ತಮ್ಮನ, ಅಂದರೆ ನನ್ನ ಸಣ್ಣ ಮಾವನ ಹೊಲ. ಆ ಮನುಷ್ಯ ಗೊಬ್ಬರದಂಗಡಿಯ ಕಡೆ ತಲೆಯಿಟ್ಟೂ ಮಲಗಿದವರಲ್ಲ. ಆದರೂ ಅವರ ಕಬ್ಬು ಕಡು ಹಸಿರು, ನಮ್ಮದು ಕಾಮಾಲೆ ಬಂದಂತೆ ಹಳದಿ. ಮಾವನವರು ಒಡ್ಡಿನ ಮೇಲೆ ನಿಂತು ಎರಡೂ ಕಡೆ ನೋಡಿ ತೀರ್ಪು ಕೊಟ್ಟೇಬಿಟ್ಟರು: ತಮ್ಮ ನಮ್ಮ ಕೊಟ್ಟಿಗೆಯಿಂದ ಯೂರಿಯಾ ಕದಿಯುತ್ತಾನೆ! ಕಟ್ಟೆಯ ಮೇಲೆ ನಾಲ್ಕು ಜನರೆದುರು ಹಾಗೇ ಅಂದರು. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್. ಕೊಟ್ಟಿಗೆಗೆ ಕೀಲಿ ಬಿತ್ತು. ಆದರೆ ಕೆಳಗಿನ ಕಬ್ಬು ಕೀಲಿಗೆ ಹೆದರಲಿಲ್ಲ, ಇನ್ನಷ್ಟು ಹಸಿರಾಯಿತು.

ಸಣ್ಣ ಮಾವನ ಮಗಳ ಮದುವೆ ಗೊತ್ತಾಗದಿದ್ದರೆ ಇದನ್ನೆಲ್ಲ ನಗುತ್ತ ನೋಡಬಹುದಿತ್ತು. ನಾನು ಗೋಕಾಕ ಫಾಲ್ಸಿನ ಗಿರಣಿ ಕೆಲಸಗಾರರ ಮನೆಯವಳು. ಹೊಸದಾಗಿ ಇಲ್ಲಿಗೆ ಬಂದಾಗ ಕಟ್ಟಿಗೆ ಒಲೆ ಹಚ್ಚುವುದರಿಂದ ಹಿಡಿದು ಅತ್ತೆಯ ಸಿಟ್ಟು ಇಳಿಸುವವರೆಗೆ ಎಲ್ಲ ಕಲಿಸಿಕೊಟ್ಟವಳು ಆ ಹುಡುಗಿ. "ದೊಡ್ಡಪ್ಪ ನನ್ನ ತಲಿಮ್ಯಾಲ ಅಕ್ಕಿಕಾಳ ಹಾಕಲಿಲ್ಲಂದ್ರ ಅದೆಂಥಾ ಮದವಿ, ವೈನಿ?" ಎಂದು ನನ್ನ ಮುಂದೆ ಅತ್ತಳು. ಮಾವನವರೋ, "ಕಳ್ಳನ ಹಂದರದಾಗ ನಾ ಕಾಲ ಇಡಂಗಿಲ್ಲ," ಎಂದು ಪಟ್ಟು ಹಿಡಿದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಒಂದು ಹಳೆಯ ಬಕೆಟ್ಟಿನ ತಳಕ್ಕೆ ತೂತು ಹೊಡೆದು, ನಮ್ಮ ಹೊಲದ ಮಣ್ಣು ತುಂಬಿ, ಮೇಲೆ ಒಂದು ಮುಷ್ಟಿ ಉಪ್ಪು ಎರಚಿದೆ. "ಮಾವಾರ, ಇದು ಯೂರಿಯಾ ಅಂತ ತಿಳ್ಕೋರಿ. ನಿಮ್ಮ ಪದ್ಧತಿಪ್ರಕಾರ ನೀರ ಬಿಡ್ರಿ." ಅವರು ಇಡೀ ಕೊಡ ಬಗ್ಗಿಸಿದರು. ಕೆಳಗೆ ಬೋಗುಣಿಯಲ್ಲಿ ಬಸಿದ ನೀರಿಗೆ ಬೆರಳು ಅದ್ದಿ ನೆಕ್ಕಿ ಮುಖ ಕಿವುಚಿದರು. ಹಾಗೇ ತೂತು ಹೊಡೆದು ಮಣ್ಣು ತುಂಬಿದ ಇನ್ನೊಂದು ಬಕೆಟ್ಟಿಗೂ ಅಷ್ಟೇ ಉಪ್ಪು ಹಾಕಿ ಒಂದೇ ತಂಬಿಗೆ ನೀರು ಹನಿಸಿದೆ. ಕೆಳಗೆ ಏನೂ ಇಳಿಯಲಿಲ್ಲ.

"ಬೇರು ಉಣ್ಣೂಕಿಂತ ಮೊದಲ ನೀರ ಹೊತ್ಕೊಂಡ ಹೋಗತೈತ್ರಿ. ನಿಮ್ಮ ಯೂರಿಯಾ ಒಡ್ಡಿನ ಬುಡದಿಂದ ಬಸದು ಕೆಳಗಿನ ಹೊಲಕ್ಕ ಹೋಗೈತಿ. ಸಣ್ಣ ಮಾವಾರು ಕದ್ದಿಲ್ರಿ."

ಮಾವನವರು ಬೋಗುಣಿಯನ್ನೇ ನೋಡುತ್ತ ಕುಳಿತರು. "ಅಂದ್ರ ಕಳ್ಳಗ ದಾರಿ ತೋರಿಸಿದಾಂವ ನಾನ," ಎಂದರು.

ಮದುವೆಯ ದಿನ ಹೊಸ ರುಮಾಲು ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಟರು. ಹಂದರದ ಮುಂದೆ ತಮ್ಮ ನಿಂತಿದ್ದರು. ತಪ್ಪಾಯಿತು ಎಂದು ಹೇಳಿ ಗೊತ್ತಿಲ್ಲದ ನಮ್ಮ ಮಾವ ಮೀಸೆ ತಿರುವುತ್ತ, "ಆಹೇರಾ, ಉಡುಗೊರಿ ಏನೂ ತಂದಿಲ್ಲೋ. ಎರಡ ವರ್ಷದಿಂದ ನೀರಿನಾಗ ಕಳಸಾಕತ್ತೇನಲ್ಲ," ಎಂದುಬಿಟ್ಟರು. ನೆರೆದವರೆಲ್ಲ ಗೊಳ್ಳೆಂದರು.

ಸಣ್ಣ ಮಾವ ನಗಲಿಲ್ಲ. "ಗೊತ್ತಿತ್ತು ಯಣ್ಣಾ. ನಿನ್ನ ಗೊಬ್ಬರದ ಸೊಕ್ಕಿಗಿ ಈ ಸಲ ನನ್ನ ಕಬ್ಬೆಲ್ಲಾ ಅತಿ ಹುಲುಸಾಗಿ ಬೆಳದು ನೆಲಕ್ಕ ಬಿದ್ದೈತಿ. ನೀರ ಕಡಿಮಿ ಬಿಡು ಅಂತ ಹೇಳಾಕ ನಿನ್ನ ಮನಿತನಕಾ ಬಂದಿದ್ನಿ. ನನ್ನ ಕಂಡಕೂಡ್ಲೇ ಬಾಗಲಾ ಹಾಕ್ಕೊಂಡಿ."

ಮೀಸೆಯ ಮೇಲಿದ್ದ ಬಲಗೈ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿದು ತಮ್ಮನ ಕೈ ಹಿಡಿಯಿತು. ಅಕ್ಕಿಕಾಳು ಹಾಕುವಾಗ ಮಾವನವರು ಎಡಗೈ ಎತ್ತಿದರು. ಮಂತ್ರ ಹೇಳುತ್ತಿದ್ದ ಅಯ್ಯನವರು, "ಬಲಗೈಲೆ ಹಾಕ್ರಿ ಯಜಮಾನ್ರ," ಎಂದು ಗದರಿದರು. "ಅದು ಖಾಲಿ ಇಲ್ರಿ," ಎಂದು ಮಾವನವರು ಎಡಗೈಯಿಂದಲೇ ಹಾಕಿದರು.