ಬ್ಲೇಡಿನಿಂದ ಕೆತ್ತಿದ ನಕ್ಷತ್ರ

ನಾನು ಓದು ಬಿಟ್ಟಿದ್ದು ಎಂಬತ್ತೆಂಟರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಅಂದಿನಿಂದ ಸ್ಪ್ಯಾನರ್ ಹಿಡಿದೇ ಬದುಕಿದ್ದೇನೆ, ಯಾರ ಮುಂದೂ ಕೈ ಒಡ್ಡಿಲ್ಲ. ಯಲಹಂಕದ ನನ್ನ ಗ್ಯಾರೇಜಿನಲ್ಲಿ ಪೆಟ್ರೋಲು, ಗ್ರೀಸು, ಸುಟ್ಟ ಕ್ಲಚ್ಚು, ಯಾವ ವಾಸನೆಯೂ ನನ್ನನ್ನು ತಡೆದು ನಿಲ್ಲಿಸುವುದಿಲ್ಲ. ಹೋದ ವಾರ ಮಾತ್ರ ಒಂದು ಹಳೆಯ ಬಿಸ್ಕತ್ತು ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಗಂಧಕ ಬೆರೆತ ರಬ್ಬರಿನ ಘಾಟು ಮುಖಕ್ಕೇ ಹೊಡೆಯಿತು. ಟಿ. ದಾಸರಹಳ್ಳಿಯ ರಬ್ಬರ್ ಯಜಮಾನರು ಎದುರಿಗೆ ಬಂದು ನಿಂತಂತಾಯಿತು... ಕೂಡಲೇ ಸಿಟ್ಟೂ ಬಂತು.

ನನ್ನ ಹತ್ತಿರ ಒಂದು ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ ಇದೆ. ಬ್ಯಾಟರಾಯನಪುರದ ಒಕ್ಕಲು ಮನೆಯೊಂದರ ದನದ ಕೊಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದನ್ನು ತಂದು ನಾನೇ ಜೋಡಿಸಿದ್ದು. ಅದರ ಎಂಜಿನ್ನು ಚಾಸಿಯ ಮೇಲೆ ನೇರವಾಗಿ ಕೂರುವುದಿಲ್ಲ. ಮುಂದೊಂದು ಕಡೆ, ಹಿಂದೊಂದು ಕಡೆ, ದಪ್ಪ ಬಳೆಯಂಥ ರಬ್ಬರ್ ಬುಷ್‌ಗಳ ಮೇಲೆ ತೂಗುತ್ತದೆ. ರಬ್ಬರು ಮೆತ್ತಗಿದ್ದರೆ ಎಂಜಿನ್ನು ತನ್ನ ಪಾಡಿಗೆ ತಾನು ಕುಣಿದುಕೊಳ್ಳುತ್ತದೆ, ಹ್ಯಾಂಡಲ್ಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಗಟ್ಟಿಯಾಯಿತೋ, ಗಾಡಿಯೆಲ್ಲ ನಡುಕ. ನಾನು ಜೋಡಿಸಿದಾಗ ಹಳೆಯ ರಬ್ಬರು ಕಲ್ಲಾಗಿತ್ತು. ಹೆಬ್ಬಾಳ ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿದು, ಆಮೇಲೆ ಸಣ್ಣ ಸ್ಕ್ರೂ ಹಿಡಿಯಲೂ ಆಗುತ್ತಿರಲಿಲ್ಲ. ಕೈಯೇ ನನ್ನ ಅನ್ನ. ಕೊಳ್ಳುವವನೊಬ್ಬ ದಿನಾ ಗ್ಯಾರೇಜಿಗೆ ಬಂದು ಕೇಳುತ್ತಿದ್ದ. ನಡುಕ ನಿಲ್ಲಬೇಕು, ಇಲ್ಲವೇ ಗಾಡಿ ಮಾರಬೇಕು. ಹೊರದೇಶದಿಂದ ಬುಷ್ ತರಿಸುವ ದಾರಿ ಆಗ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಯಜಮಾನರ ಶೆಡ್ಡಿಗೆ ಹೋದೆ. ಲಾರಿಗೆ, ಪಂಪ್‌ಸೆಟ್ಟಿಗೆ ರಬ್ಬರು ಅಚ್ಚು ಹಾಕುತ್ತಿದ್ದವರು. ಅಚ್ಚಿನಲ್ಲೇ ಒಂದು ಪುಟ್ಟ ನಕ್ಷತ್ರ, ಅದು ಅವರ ಗುರುತು. ಮೆತ್ತಗೆ ಬೇಕು ಎಂದೆ. ಗಟ್ಟಿ ಕೊಟ್ಟರು. ವಾಪಸ್ಸು ಹೋಗಿ, ಮೆತ್ತಗೆ ಯಜಮಾನ್ರೇ, ಮೆತ್ತಗೆ ಎಂದೆ. ಇನ್ನೂ ಗಟ್ಟಿ ಕೊಟ್ಟರು! ಉಗುರು ಒತ್ತಿ, ಇಳಿಯದಿರುವುದನ್ನು ತೋರಿಸಿ ನಗುತ್ತಿದ್ದರು...

"ನೀನ್ ಕೇಳೋದು ರಬ್ಬರಾ, ಇಡ್ಲಿನಾ? ನಾಕ್ ದಿನಕ್ಕೆ ಸೀಳ್ಬಿಟ್ರೆ ಓಗೋದು ನನ್ನೆಸ್ರು ಕಣಯ್ಯಾ. ನನ್ ಮಾಲು ನಾನ್ ಸತ್ಮೇಲೂ ಇರ್ತದೆ."

"ನಂಗೆ ಬಾಳಿಕೆ ಬೇಡ ಯಜಮಾನ್ರೇ, ಕೈ ಬೇಕು."

"ಅಂಗಾದ್ರೆ ಬೇರೆ ಶೆಡ್ ನೋಡ್ಕೋ."

ಮಾಡಿಕೊಡುವ ಬೇರೆ ಶೆಡ್ ಇದ್ದಿದ್ದರೆ ನೋಡುತ್ತಿರಲಿಲ್ಲವೇ! ತಲೆ ಕೆಟ್ಟು ಒಂದು ದಿನ ಅವರದೇ ಗಟ್ಟಿ ರಬ್ಬರು ಹಾಕಿ, ಅವರನ್ನೇ ಹಿಂದೆ ಕೂರಿಸಿಕೊಂಡು ಚಿಕ್ಕಜಾಲದವರೆಗೆ ಓಡಿಸಿದೆ. ಕನ್ನಡಕ ಮೂಗಿನ ಮೇಲೆ ನಿಲ್ಲಲೊಲ್ಲದು; ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಇಳಿದವರು ಹೇಳಿದ್ದೇನು ಗೊತ್ತೇ?

"ರೋಡ್ ಸರಿ ಇಲ್ಲ ಕಣಯ್ಯಾ."

ವಿಮಾನ ಹತ್ತುವವರಿಗೆಂದು ನುಣ್ಣಗೆ ಮಾಡಿದ ರಸ್ತೆ ಅದು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಟೀ ಹೇಳಿದೆ. ಕಂಬಿ ಹಿಡಿದಿದ್ದ ಕೈಗೆ ಲೋಟ ನಿಲ್ಲದೆ, ಟೀ ಪಂಚೆಯ ಮೇಲೆ ಚೆಲ್ಲಿತು. ಯಜಮಾನರು ಲೋಟ ಕೆಳಗಿಟ್ಟು, ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿದರು.

"ದಿನಾ ಇಂಗೇನಾ ನಿನ್ ಕೈ?"

"ಹೂಂ ಯಜಮಾನ್ರೇ."

"ಅದನ್ನ ಮೊದ್ಲೇ ಯೋಳ್ಬಾರ್ದಾ?"

ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು!

ಮುಂದಿನ ವಾರ ಮೆತ್ತಗಿನ ಬುಷ್‌ಗಳು ಸಿಕ್ಕವು. ನಕ್ಷತ್ರ ಇರಲಿಲ್ಲ, ಒಂದೊಂದರಿಂದಲೂ ಅದನ್ನು ಬ್ಲೇಡಿನಿಂದ ಕೆತ್ತಿ ತೆಗೆದಿದ್ದರು. "ಯಾರಾನ ಕೇಳುದ್ರೆ ನನ್ನೆಸ್ರು ಯೋಳ್ಬ್ಯಾಡ" ಎಂದರು. ಹಾಕಿ, ಪಕ್ಕದ ಸಂದಿಗೆ ತೆಳು ವಾಷರ್ ಕೊಟ್ಟು, ಗ್ರೀಸ್ ಹಚ್ಚಿ ಸ್ಟಾರ್ಟ್ ಮಾಡಿದೆ. ನಿಂತಲ್ಲಿ ಎಂಜಿನ್ನು ಕುಣಿಯಿತು. ವೇಗ ಹಿಡಿದಾಗ ಹ್ಯಾಂಡಲ್ಲು ಎಷ್ಟು ಸ್ತಬ್ಧವೆಂದರೆ, ಗಾಡಿ ಆಫ್ ಆಯಿತೇನೋ ಎಂದು ಬಗ್ಗಿ ನೋಡಿದೆ. ಕೊಳ್ಳುವವನಿಗೆ ಇಲ್ಲ ಎಂದೆ. ಖುಷಿಯಿಂದ ಯಜಮಾನರಿಗೆ ಹೇಳಲು ಹೋದರೆ, "ನೋಡಾಣ, ಎಷ್ಟ್ ದಿನ ಬತ್ತದೋ" ಅಂದರು, ಅಷ್ಟೇ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು... ಅಚ್ಚುಗಳು ಗುಜರಿಗೆ ಹೋದವಂತೆ. ಶೆಡ್ಡಿನ ಜಾಗದಲ್ಲಿ ಈಗ ಪಿ.ಜಿ. ಕಟ್ಟಡ ಎದ್ದಿದೆ. ವರ್ಷ ವರ್ಷ ಬಿಚ್ಚಿ, ಒರೆಸಿ ಕಾಪಾಡಿಕೊಂಡಿದ್ದ ಆ ಮೆತ್ತಗಿನ ಬುಷ್‌ಗಳು ಹೋದ ವಾರ ನೋಡಿದರೆ ಸೀಳು ಬಿಟ್ಟಿದ್ದವು. ಇಂಗ್ಲೆಂಡಿನಿಂದ ಬೇರೆ ತರಿಸುತ್ತಿದ್ದೇನೆ. ಬರುವವರೆಗೆ ಏನಾದರೂ ಇದೆಯಾ ಎಂದು ಡಬ್ಬಿ ತೆಗೆದರೆ, ಅವರ ಗಟ್ಟಿ ರಬ್ಬರುಗಳು, ನಿನ್ನೆ ತಾನೇ ಅಚ್ಚಿನಿಂದ ಬಿದ್ದ ಹಾಗೆ, ನಕ್ಷತ್ರ ಸಮೇತ! ಉಗುರು ಒತ್ತಿದೆ. ಇಳಿಯಲಿಲ್ಲ.

ನಾನ್ ಸತ್ಮೇಲೂ ಇರ್ತದೆ ಎಂದಿದ್ದರಲ್ಲ... ಡಬ್ಬಿಯಲ್ಲಿ ಸುಮ್ಮನೆ ಕೂತ ರಬ್ಬರು ಉಳಿದಿದ್ದೇನು ದೊಡ್ಡಸ್ತಿಕೆ ಯಜಮಾನ್ರೇ, ಈ ಮೆತ್ತಗಿನದು ಇಷ್ಟು ವರ್ಷ ಓಡಿ ಸವೆದಿದೆ ಎಂದು ಗ್ಯಾರೇಜಿನಲ್ಲಿ ಒಬ್ಬನೇ ಜೋರಾಗಿ ವಾದಿಸಿದೆ. ಅವರು ತಿರುಗಿಸಿ ಮಾತಾಡದೆ ಇದ್ದದ್ದು ಅದೇ ಮೊದಲು.

ಗಟ್ಟಿಯವನ್ನೇ ಹಾಕಿಕೊಂಡು ಓಡಿಸುತ್ತಿದ್ದೇನೆ. ಬೆರಳು ಮತ್ತೆ ಜೋಮು ಹಿಡಿಯುತ್ತಿದೆ. ಈಗ ನನ್ನ ಬಳಿ ಇರುವುದು ಒಂದು ಗ್ಯಾರೇಜು, ಒಂದು ಗಾಡಿ, ನಕ್ಷತ್ರವಿರುವ ಎರಡು ಸೆಟ್ ರಬ್ಬರು. ಜೊತೆಗೆ, ನಕ್ಷತ್ರ ಕೆತ್ತಿ ತೆಗೆದ, ಸೀಳಿಹೋದ, ಎಸೆಯಲಾಗದ ಒಂದು ಸೆಟ್.