ಅಡ್ಡ ಗೆರೆ, ಉದ್ದ ಗೆರೆ

ಇವತ್ತು ಬೆಳಿಗ್ಗೆ ಗೋಪನಕೊಪ್ಪದ ನಮ್ಮ ಓಣಿಯಲ್ಲಿ "ಕಟ್ಟಹಾವು, ಕಟ್ಟಹಾವು" ಎಂದು ಕೂಗುತ್ತ ಒಂದು ಹಾವನ್ನು ಬಡಿದು ಕೊಂದರು. ಮೊಳದುದ್ದದ ಬಡಪಾಯಿ ಜೀವ. ತಲೆಯಿಂದ ಬಾಲದವರೆಗೆ ಎರಡು ಹಳದಿ ಗೆರೆ. ಹತ್ತಿರ ಹೋಗಿ ಬಗ್ಗಿದರೆ ಕೆರೆಯ ಕೆಸರಿನ ವಾಸನೆ.

ನಾನು ಚಿಕ್ಕವಳಿದ್ದಾಗ ಅದೇ ವಾಸನೆಯ ಕೆರೆದಂಡೆಯಲ್ಲಿ ನಮ್ಮ ಆಯಿ, ಅಪ್ಪನ ತಾಯಿ, ಕೌದಿ ಒಗೆಯುತ್ತಿದ್ದಳು. ಹುಲ್ಲಿನೊಳಗಿಂದ ಇಂಥದೇ ಹಾವು ಹೊರಬಂದು ನಾನು ಕಿರುಚಿದರೆ ಆಯಿಗೆ ಏನೂ ಅನಿಸುತ್ತಿರಲಿಲ್ಲ.

"ಗೆರಿ ನೋಡವಾ. ಸೀರಿ ದಡಿ ಹಂಗ ಉದ್ದಕ ಅದಾವಲ್ಲ, ಇದು ನೀರಹಾವು, ವಿಷ ಇಲ್ಲ. ವಿಭೂತಿ ಹಂಗ ಅಡ್ಡಕ ಇದ್ರ ಕಟ್ಟಹಾವು, ಅದು ಕೆಟ್ಟದ್ದು. ಯಾವದರ ಇರಲಿ, ಮುಟ್ಟಬ್ಯಾಡ, ದಾರಿ ಬಿಡು."

ಹಾಗೆಂದು, ಹಾವಿನ ದಾರಿಗೆ ಬಂದ ಕೌದಿಯ ಅಂಚನ್ನು ಮಡಚಿಡುತ್ತಿದ್ದಳು.

ಈಗ ಆ ಕೆರೆಗೆ ಮಣ್ಣು ತುಂಬಿ ಸೈಟು ಮಾಡಿದ್ದಾರೆ. ಹಾವಿನ ಮನೆಯನ್ನು ನಾವು ನುಂಗಿ, ಅದೇ ನಮ್ಮ ಮನೆಗೆ ನುಗ್ಗಿತೆಂದು ಬಡಿಯುತ್ತೇವೆ! ನಾಚಿಕೆಯಾದರೂ ಬೇಡವೇ?

ಬಡಿಗೆ ಹಿಡಿದು ನಿಂತಿದ್ದ ಪಕ್ಕದ ಮನೆಯ ಕಾಕಾ ಆಗಷ್ಟೇ ಸ್ನಾನ ಮುಗಿಸಿ ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದರು.

"ಇದು ಕಟ್ಟಹಾವು ಅಲ್ರಿ ಕಾಕಾ. ಗೆರಿ ಉದ್ದಕ ಅದಾವ, ನೋಡ್ರಿ," ಅಂದೆ.

"ಉದ್ದಕರ ಇರಲಿ, ಅಡ್ಡಕರ ಇರಲಿ, ಗೆರಿ ಎಲ್ಲಾ ಒಂದ ಬಿಡವಾ."

ನನಗೆ ತಡೆಯಲಾಗಲಿಲ್ಲ. "ಹಂಗಾರ ನಾಳಿಂದ ವಿಭೂತೀನೂ ಉದ್ದಕ ಹಚ್ಕೊಂಡ ಬರ್ರಿ."

ಕಾಕಾನ ಮುಖ ಕೆಂಪೇರಿತು. ಅಂದರೆ, ಫರಕು ಗೊತ್ತಿತ್ತು.